ಕಾಡುತೊರೆಯ ಕಿಲ್ಲಿಮೀನು: ಬೆಳಗಾವಿಗೆ ಯಾವುದು, ವಿಜಯಪುರಕ್ಕೆ ಯಾವುದು

ಗಾಜಿನ ಟ್ಯಾಂಕಿನಲ್ಲಿ ಸಾಕುವ ಬಣ್ಣಬಣ್ಣದ ಪುಟ್ಟ ಮೀನಾದ ಕಿಲ್ಲಿಮೀನನ್ನು ತರಲು ಹೊರಟವರು ಮೊಬೈಲ್ ತೆರೆದು, ಚಿತ್ರಗಳನ್ನು ಸರಿಸುತ್ತ, ಬಣ್ಣ ಕಣ್ಣಿಗೆ ಹಿಡಿಸಿದ ಮೀನಿನ ಹೆಸರನ್ನು ಬರೆದುಕೊಳ್ಳುತ್ತಾರೆ. ತಪ್ಪೇನಿಲ್ಲ, ಬಣ್ಣಕ್ಕಾಗಿಯೇ ತಾನೆ ಈ ಮೀನು? ಆದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಎಂಬ ನಮ್ಮ ಮೂರು ಜಿಲ್ಲೆಗಳಲ್ಲಿ ಹಾಗೆ ಆರಿಸಿದ ಮೀನು ಬಾಗಲಕೋಟೆಯ ಬಣ್ಣದ ಹಬ್ಬದವರೆಗೆ ಚೆನ್ನಾಗಿದ್ದು, ಯುಗಾದಿ ದಾಟಿ ಬಿಸಿಲು ಬಲಿಯುವಷ್ಟರಲ್ಲಿ ಕೈಕೊಡುತ್ತದೆ. ಆದ್ದರಿಂದ ನನ್ನ ಸಲಹೆಯ ಕ್ರಮವೇ ಬೇರೆ. ಮೊದಲು ಮನೆಯ ಬೇಸಿಗೆಯನ್ನು ಅಳೆಯಿರಿ, ಆಮೇಲೆ ನೀರನ್ನು ಅಳೆಯಿರಿ, ಕೊನೆಗೆ ಬಣ್ಣ ನೋಡಿ.

ಅಳೆಯುವುದು ಸುಲಭ. ಟ್ಯಾಂಕ್ ಇಡಬೇಕೆಂದಿರುವ ಜಾಗದಲ್ಲೇ ಒಂದು ಬಕೆಟ್ ನೀರು ತುಂಬಿಸಿ ಎರಡು ದಿನ ಬಿಡಿ. ಏಪ್ರಿಲ್ ಕೊನೆಯಲ್ಲಿ, ಸಂಜೆ ಐದರ ಸುಮಾರಿಗೆ ಥರ್ಮಾಮೀಟರ್ ಅದ್ದಿ ನೋಡಿ. ಮಧ್ಯಾಹ್ನವೇ ಏಕೆ ಬೇಡವೆಂದರೆ, ಹೊರಗಿನ ಗಾಳಿ ಮೂರು ಗಂಟೆಗೆ ಕಾದು ಇಳಿಯತೊಡಗಿದರೂ ನೀರು ತಡವಾಗಿ ಕಾಯುತ್ತದೆ, ತಡವಾಗಿ ಆರುತ್ತದೆ. 26 ಡಿಗ್ರಿ ಸೆಲ್ಸಿಯಸ್‌ನೊಳಗೆ ನಿಂತರೆ ನೀವು ಪುಣ್ಯವಂತರು, ಮುಂದೆ ಹೇಳುವ ಯಾವ ಮೀನಾದರೂ ನಿಮ್ಮ ಮನೆಯಲ್ಲಿ ಬಾಳುತ್ತದೆ. 28ರ ಆಸುಪಾಸಿನಲ್ಲಿದ್ದರೆ ಆಯ್ಕೆ ಕಿರಿದಾಗುತ್ತದೆ. 30 ದಾಟಿದರೆ ಆಫ್ರಿಕಾದ ಕಾಡುತೊರೆಯ ಮೀನಿನ ಆಸೆ ಬಿಟ್ಟು ಬೇರೆ ದಾರಿ ನೋಡಬೇಕು. ಆ ದಾರಿಯೂ ಇದೆ. ವಿಜಯಪುರದವರಿಗೆ ಅದೇ ಹೆಚ್ಚು ಸೊಗಸಾದದ್ದು ಎಂದು ನನ್ನ ಅಭಿಪ್ರಾಯ.

ಆಫ್ರಿಕಾದ ಮೀನಿಗೆ ಬಿಸಿಲು ಯಾಕೆ ಆಗದು?

ಅಂಗಡಿಯಲ್ಲಿ ಈ ಪ್ರಶ್ನೆಯನ್ನು ಬಹಳ ಜನ ಕೇಳುತ್ತಾರೆ. ಅಫಿಯೋಸೆಮಿಯನ್ ಕುಲದ ಮೀನುಗಳು ಗ್ಯಾಬೊನ್, ಕ್ಯಾಮರೂನ್, ಕಾಂಗೋ ಸೀಮೆಯ ಮಳೆಕಾಡಿನವು. ಅವು ಇರುವುದು ಹೊಳೆಯಲ್ಲಲ್ಲ, ಹೊಳೆಗೆ ಸೇರುವ ಸಣ್ಣ ಸಣ್ಣ ತೊರೆಗಳ ಅಂಚಿನಲ್ಲಿ, ಅನೇಕ ಕಡೆ ಪಾದ ಮುಳುಗುವಷ್ಟೇ ಆಳದ ನೀರಿನಲ್ಲಿ. ಮೇಲೆ ಮರಗಳ ಛಾವಣಿ, ಕೆಳಗೆ ಕೊಳೆತ ಎಲೆಗಳ ಹಾಸು. ಬಿಸಿಲು ನೆಲಕ್ಕೆ ಬೀಳುವುದೇ ಅಪರೂಪವಾದ್ದರಿಂದ, ಭೂಮಧ್ಯರೇಖೆಯ ಪಕ್ಕದಲ್ಲಿದ್ದರೂ ನೀರು 20ರಿಂದ 24 ಡಿಗ್ರಿಯಷ್ಟು ತಣ್ಣಗಿರುತ್ತದೆ. ಉಪ್ಪಿನಂಶ ತೀರಾ ಕಡಿಮೆ. ಎಲೆಯ ಒಗರು ಇಳಿದು ನೀರು ತುಸು ಕಂದಾಗಿ, ತುಸು ಆಮ್ಲೀಯವಾಗಿರುತ್ತದೆ.

ನೀರು ಬಿಸಿಯಾದಂತೆ ಎರಡು ಕೆಡುಕು ಒಟ್ಟಿಗೆ ಬರುತ್ತವೆ. 20 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯ ನೀರು ಏಳೂವರೆಗೆ ಇಳಿಯುತ್ತದೆ. ಅದೇ ಹೊತ್ತಿಗೆ ಮೀನಿನ ಮೈ ಹೆಚ್ಚು ಆಮ್ಲಜನಕ ಕೇಳತೊಡಗುತ್ತದೆ. ಮೀನು ಆ ಸಂಜೆಯೇ ಸಾಯುವುದಿಲ್ಲ. ಮೊಟ್ಟೆ ನಿಲ್ಲಿಸುತ್ತದೆ, ಗಂಡಿನ ಬಣ್ಣ ಮಂಕಾಗುತ್ತದೆ, ಎರಡು ಮೂರು ವರ್ಷ ಬದುಕಬೇಕಾದದ್ದು ಒಂದೇ ವರ್ಷಕ್ಕೆ ಮುದಿಯಾಗುತ್ತದೆ. ಬಹಳ ಜನ ಇದನ್ನು ರೋಗವೆಂದುಕೊಂಡು ಔಷಧಿ ಸುರಿಯುತ್ತಾರೆ.

ಗಾರ್ಡ್ನೆರಿ, ಆಸ್ಟ್ರಾಲೆ, ಸ್ಟ್ರಯಾಟಮ್

ನಮ್ಮ ದೇಶದ ಹವ್ಯಾಸಿಗಳ ಕೈಯಲ್ಲಿ ಓಡಾಡುವ ಕಾಡುತೊರೆಯ ಕಿಲ್ಲಿಗಳಲ್ಲಿ ಮೂರನ್ನು ಪಕ್ಕಪಕ್ಕ ಇಟ್ಟು ನೋಡಬಹುದು.

ಫಂಡುಲೋಪಾಂಚಾಕ್ಸ್ ಗಾರ್ಡ್ನೆರಿ ನೈಜೀರಿಯ ಮತ್ತು ಪಶ್ಚಿಮ ಕ್ಯಾಮರೂನಿನದು. ಹಳೆಯ ಪಟ್ಟಿಗಳಲ್ಲಿ ಇದೂ ಅಫಿಯೋಸೆಮಿಯನ್ ಹೆಸರಿನಲ್ಲೇ ಇರುತ್ತದೆ, ಗೊಂದಲ ಬೇಡ. ಗಂಡು ಆರು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಉಕ್ಕಿನ ನೀಲಿ ಮೈ, ಅದರ ಮೇಲೆ ಕಡುಗೆಂಪು ಚುಕ್ಕೆ, ರೆಕ್ಕೆಗಳಿಗೆ ಹಳದಿ ಅಥವಾ ಬಿಳಿ ಅಂಚು. ಈ ಮೀನು ಕಾಡಿನಲ್ಲಷ್ಟೇ ಅಲ್ಲ, ಹುಲ್ಲುಗಾವಲಿನ ತೊರೆಗಳಲ್ಲೂ ಇರುವುದರಿಂದ ಬಿಸಿಗೂ ಗಡಸು ನೀರಿಗೂ ಉಳಿದವಕ್ಕಿಂತ ಗಟ್ಟಿ. 22ರಿಂದ 26 ಡಿಗ್ರಿ ಇದಕ್ಕೆ ಹಿತ, ಕೆಲವು ವಾರ 28 ಇದ್ದರೂ ತಡೆದುಕೊಳ್ಳುತ್ತದೆ. ಸ್ವಭಾವ ಮಾತ್ರ ಜಗಳಗಂಟಿ. ಚಿಕ್ಕ ಟ್ಯಾಂಕಿನಲ್ಲಿ ಎರಡು ಗಂಡು ಇಟ್ಟರೆ ಒಂದರ ರೆಕ್ಕೆ ಹರಿಯುವುದು ಖಚಿತ. ಒಂದೇ ಹೆಣ್ಣಿದ್ದರೆ ಅದನ್ನೂ ಅಟ್ಟಾಡಿಸಿ ಹೈರಾಣ ಮಾಡುತ್ತದೆ. ಒಂದು ಗಂಡಿಗೆ ಎರಡು ಮೂರು ಹೆಣ್ಣು, ಅಡಗಲು ನೀರುಪಾಚಿಯಂಥ ಜಾವಾ ಮಾಸ್‌ನ ದಟ್ಟ ಪೊದೆ, ಇಷ್ಟಿದ್ದರೆ ಸಂಸಾರ ಸಾಗುತ್ತದೆ.

ಅಫಿಯೋಸೆಮಿಯನ್ ಆಸ್ಟ್ರಾಲೆ ಗ್ಯಾಬೊನಿನ ಕರಾವಳಿ ತಗ್ಗಿನದು. 1921ರಲ್ಲಿ ವಿಜ್ಞಾನದ ಪಟ್ಟಿ ಸೇರಿದ ಈ ಮೀನು ಅಂದಿನಿಂದ ಹವ್ಯಾಸಿಗಳ ಮುದ್ದಿನದು. ಇಟ್ಟಿಗೆಗೆಂಪು ಬೆರೆತ ಕಂದು ಮೈ, ಕೆಂಪು ಚುಕ್ಕೆ. ಬಾಲದ ಮೇಲಿನ ಮತ್ತು ಕೆಳಗಿನ ತುದಿಗಳು ಎಳೆಯಂತೆ ನೀಳವಾಗಿ ಚಾಚಿ ಬಿಳಿಯಾಗಿ ಮುಗಿಯುತ್ತವೆ. ಕಿತ್ತಳೆ ಬಣ್ಣದ ಬಗೆಯೊಂದು ಹೆಚ್ಚು ಮಾರಾಟವಾಗುತ್ತದೆ. ಅದು ಕಾಡಿನದಲ್ಲ, ಟ್ಯಾಂಕಿನಲ್ಲೇ ಹುಟ್ಟಿ ಆಯ್ಕೆಯಾಗಿ ಬಂದದ್ದು. ನನ್ನನ್ನು ಕೇಳಿದರೆ ಕಂದು ಮೀನೇ ಚೆಂದ. ಮಬ್ಬು ಬೆಳಕಿನಲ್ಲಿ, ಎಲೆ ಹಾಸಿದ ತಳದ ಮೇಲೆ ಅದು ಮೈ ಹೊರಳಿಸಿದಾಗ ಕಾಣುವ ಬಣ್ಣದ ಆಳ ಕಿತ್ತಳೆಯದಕ್ಕಿಲ್ಲ. ಸ್ವಭಾವ ಮೃದು. ಜೋಡಿಗೆ ಹದಿನೈದು ಲೀಟರಿನ ಟ್ಯಾಂಕ್ ಸಾಕು. ಆದರೆ 21ರಿಂದ 24 ಡಿಗ್ರಿಯೇ ಅದರ ಜಗತ್ತು, ಮೆದು ನೀರಿಲ್ಲದೆ ಮೊಟ್ಟೆ ಸರಿಯಾಗಿ ಕಟ್ಟುವುದಿಲ್ಲ.

ಅಫಿಯೋಸೆಮಿಯನ್ ಸ್ಟ್ರಯಾಟಮ್ ಇವೆರಡರ ನಡುವಿನದು. ಐದು ಸೆಂಟಿಮೀಟರ್, ನೀಲಿ ಹಸಿರು ಮೈಯ ಉದ್ದಕ್ಕೂ ಐದು ಕೆಂಪು ಗೆರೆ. ಜಗಳವಾಡದು, ಸುಲಭವಾಗಿ ಮೊಟ್ಟೆ ಇಡುತ್ತದೆ. ಸಿಕ್ಕರೆ ಬಿಡಬೇಡಿ, ಸಿಗುವುದೇ ಕಡಿಮೆ. ತಂಪಿನ ವಿಷಯದಲ್ಲಿ ಇದು ಆಸ್ಟ್ರಾಲೆಯ ಪಕ್ಷ.

ಈ ಮೂರರಲ್ಲಿ ಒಂದೇ ಎಂದರೆ, ಬೆಳಗಾವಿ ನಗರ, ಖಾನಾಪುರದ ಕಡೆಯವರು ಧೈರ್ಯವಾಗಿ ಆಸ್ಟ್ರಾಲೆ ಅಥವಾ ಸ್ಟ್ರಯಾಟಮ್ ತರಬಹುದು. ಬೆಳಗಾವಿ ಸಮುದ್ರಮಟ್ಟದಿಂದ 750 ಮೀಟರಿನಷ್ಟು ಎತ್ತರದಲ್ಲಿದೆ, ಮೇ ತಿಂಗಳಲ್ಲೂ ರಾತ್ರಿ ತಂಪಾಗುತ್ತದೆ. ಮೀನಿಗೆ ಬೇಕಾದದ್ದು ಆ ರಾತ್ರಿಯ ಬಿಡುವು. ಬಾಗಲಕೋಟೆಯಲ್ಲಿ ಗಾರ್ಡ್ನೆರಿಯಿಂದ ಶುರು ಮಾಡಿ. ನವನಗರದ ಕಾಂಕ್ರೀಟ್ ಮನೆಯ ಮೇಲಂತಸ್ತಿನಲ್ಲಿ ಅದೂ ಬಳಲುತ್ತದೆ. ದಪ್ಪ ಕಲ್ಲುಗೋಡೆ, ಮಣ್ಣಿನ ಮಾಳಿಗೆಯ ಹಳೆಯ ಮನೆಯಿದ್ದರೆ ಮಾತು ಬೇರೆ. ಅಂಥ ಮನೆಯ ಪಡಸಾಲೆಯ ಒಳಗೋಡೆಗೆ ಹೊಂದಿಸಿ ನೆಲಮಟ್ಟದಲ್ಲಿ ಇಟ್ಟ ಟ್ಯಾಂಕ್, ತಾರಸಿ ಕೆಳಗಿನ ಕೋಣೆಯಲ್ಲಿ ಮೇಜಿನ ಮೇಲಿಟ್ಟ ಟ್ಯಾಂಕಿಗಿಂತ ಎಷ್ಟೋ ತಂಪು.

ಇವುಗಳ ಜೊತೆ ಇನ್ನೊಂದು ಹೆಸರು ಕೇಳಿಬರುತ್ತದೆ, ಕ್ಲೌನ್ ಕಿಲ್ಲಿ. ಗಿನಿ, ಸಿಯೆರಾ ಲಿಯೋನ್, ಲೈಬೀರಿಯ ಕಡೆಯ ಈ ಮೀನು ನಾಲ್ಕು ಸೆಂಟಿಮೀಟರ್ ಕೂಡ ದಾಟುವುದಿಲ್ಲ. ಕಪ್ಪು ಪಟ್ಟಿ, ಬೆಂಕಿ ಬಣ್ಣದ ಬಾಲ. ಅದರ ಮರಿ ಎಷ್ಟು ಚಿಕ್ಕದೆಂದರೆ ಆರ್ಟೀಮಿಯಾ ಎಂಬ ಉಪ್ಪುನೀರಿನ ಪುಟ್ಟ ಸಿಗಡಿಯ ಮರಿಯೂ ಬಾಯಿಗೆ ಹಿಡಿಸದು. ಮೊದಲ ಕಿಲ್ಲಿಯಾಗಿ ಬೇಡ.

ನೀರಿನ ಲೆಕ್ಕ

ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್ ಒಂದನ್ನು ಕೊಳ್ಳಿ, ಮೀನು ಕೊಳ್ಳುವ ಮೊದಲೇ. ಬೆಳಗಾವಿ ನಗರಕ್ಕೆ ರಕ್ಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳ ನೀರು ಬರುತ್ತದೆ. ಮಳೆಯಿಂದ ತುಂಬಿದ ಇಂಥ ನೀರು ಸಾಮಾನ್ಯವಾಗಿ ಕೊಳವೆಬಾವಿಯ ನೀರಿಗಿಂತ ಮೆದು. ಕ್ಲೋರಿನ್ ಹೋಗಲು ಒಂದು ದಿನ ತೆರೆದಿಟ್ಟರೆ ಬಹುಪಾಲು ಕೆಲಸ ಮುಗಿಯಿತು. ಬಾಗಲಕೋಟೆ, ವಿಜಯಪುರದಲ್ಲಿ ಕೊಳವೆಬಾವಿ ನಂಬಿದವರಿಗೆ ಸಾವಿರ ದಾಟಿದ ಅಂಕಿ ಕಂಡರೆ ಆಶ್ಚರ್ಯವಿಲ್ಲ. ಅದಕ್ಕೆ ಮದ್ದು ಊರಲ್ಲೇ ಇದೆ. ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ ನೀರು. ಕೊಳವೆಬಾವಿಯ ನೀರು 1200, ಘಟಕದ ನೀರು 50 ಇದೆ ಎಂದಿಟ್ಟುಕೊಳ್ಳಿ. ಒಂದು ಪಾಲಿಗೆ ಏಳು ಪಾಲು ಬೆರೆಸಿದರೆ 200ರ ಸಮೀಪಕ್ಕೆ ಬರುತ್ತದೆ. ಗಾರ್ಡ್ನೆರಿಗೆ ಅಷ್ಟು ಬೇಕಾದಷ್ಟಾಯಿತು. ಆಸ್ಟ್ರಾಲೆಯ ಮೊಟ್ಟೆ ಬೇಕಾದರೆ ಇನ್ನೂ ಕೆಳಗಿಳಿಸಿ. ಜೂನ್ ನಂತರ ತಾರಸಿಯ ಮೊದಲ ಒಂದೆರಡು ಮಳೆ ಬಿಟ್ಟು ಹಿಡಿದ ನೀರು ಇನ್ನೂ ಒಳ್ಳೆಯದು, ಪುಕ್ಕಟೆ ಕೂಡ.

ಇಲ್ಲಿ ಒಂದು ಎಚ್ಚರಿಕೆ. ಬಟ್ಟೆ ಒಗೆಯುವ ಯಂತ್ರಕ್ಕೆಂದು, ಸ್ನಾನಕ್ಕೆಂದು ಮನೆಗೆ ಸಾಫ್ಟ್‌ನರ್ ಹಾಕಿಸಿಕೊಂಡವರು ಆ ನೀರನ್ನೇ ಟ್ಯಾಂಕಿಗೆ ಬಿಡುತ್ತಾರೆ. ಸಾಫ್ಟ್‌ನರ್ ಸುಣ್ಣವನ್ನು ತೆಗೆದು ಅದರ ಜಾಗದಲ್ಲಿ ಸೋಡಿಯಂ ಸೇರಿಸುತ್ತದೆ. ಸೋಪು ನೊರೆ ಬರಬಹುದು, ಮೀಟರಿನ ಅಂಕಿ ಇದ್ದಲ್ಲೇ ಇರುತ್ತದೆ, ಮೀನಿಗೆ ಅದು ಮೆದು ನೀರಲ್ಲ.

ರಸ್ತೆ ಬದಿಯ ಕಾಡುಬಾದಾಮಿ ಮರದಿಂದ ತಾನಾಗಿ ಉದುರಿದ ಕೆಂಪು ಎಲೆಯನ್ನು ತೊಳೆದು, ಒಣಗಿಸಿ, ಇಪ್ಪತ್ತು ಲೀಟರಿಗೆ ಒಂದರಂತೆ ಹಾಕಿ. ನೀರು ಚಹದ ಬಣ್ಣಕ್ಕೆ ತಿರುಗುತ್ತದೆ, ಕಾಡುತೊರೆಯ ಮೀನಿಗೆ ಅದೇ ಊರು. ಔಷಧಿ ಹೊಡೆದ ತೋಟದ ಪಕ್ಕದ ಮರ ಬೇಡ.

ವಿಜಯಪುರದ ಎರೆಭೂಮಿಗೆ ಬೇರೆ ಮೀನು

ನೀರು 30 ದಾಟುವ ಮನೆಯವರಿಗೆ ನಾನು ಹೇಳುವುದು ನೋಥೋಬ್ರಾಂಕಿಯಸ್. ಇದೂ ಆಫ್ರಿಕಾದ ಕಿಲ್ಲಿಯೇ, ಆದರೆ ಕಾಡಿನದಲ್ಲ, ಪೂರ್ವ ಆಫ್ರಿಕಾದ ಹುಲ್ಲುಗಾವಲಿನ ಹೊಂಡದ್ದು. ಮಳೆಗಾಲದಲ್ಲಿ ತುಂಬಿ ಬೇಸಿಗೆಯಲ್ಲಿ ಒಣಗುವ ಹೊಂಡ. ಅಂಥ ಹೊಂಡಗಳೂ ಎಲ್ಲೆಂದರಲ್ಲಿ ಈ ಮೀನಿಗೆ ಆಗುವುದಿಲ್ಲ. ತಳದಲ್ಲಿ ನೀರು ಕುಡಿದು ಉಬ್ಬುವ, ಒಣಗಿದಾಗ ಆಳವಾಗಿ ಬಿರಿಯುವ ಕಪ್ಪು ಜೇಡಿಮಣ್ಣು ಇರಬೇಕು. ಮಣ್ಣುವಿಜ್ಞಾನಿಗಳು ವರ್ಟಿಸಾಲ್ ಎನ್ನುವ ಆ ಮಣ್ಣು ವಿಜಯಪುರದ ರೈತನ ಹೊಲದಲ್ಲಿ ಇರುವ ಎರೆಮಣ್ಣಿನ ಜಾತಿಯದೇ. ಹೊಂಡ ಒಣಗಿದಾಗ ಬೆಳೆದ ಮೀನುಗಳೆಲ್ಲ ಸಾಯುತ್ತವೆ. ಮಣ್ಣಿನೊಳಗಿನ ಮೊಟ್ಟೆ ತನ್ನ ಬೆಳವಣಿಗೆಯನ್ನು ತಡೆಹಿಡಿದು ಮುಂದಿನ ಮಳೆಗೆ ಕಾಯುತ್ತದೆ. ಈ ತಡೆ ಒಂದೇ ಸಲವಲ್ಲ, ಮೂರು ಹಂತಗಳಲ್ಲಿ ಆಗಬಹುದು. ಹಾಗಾಗಿ ಒಂದೇ ದಿನ ಇಟ್ಟ ಮೊಟ್ಟೆಗಳು ಒಂದೇ ದಿನ ಸಿದ್ಧವಾಗುವುದಿಲ್ಲ. ಅಕಾಲದ ಮಳೆಗೆ ಮೋಸಹೋಗಿ ಕೆಲವು ಒಡೆದರೂ ಉಳಿದವು ವಂಶ ಕಾಯುತ್ತವೆ. ಜಿಂಬಾಬ್ವೆಯ ಗೊನಾರೆಝೌ ಸೀಮೆಯ ನೋಥೋಬ್ರಾಂಕಿಯಸ್ ಫರ್ಜೆರಿ ಎಂಬ ಬಗೆ ಕೆಲವೇ ತಿಂಗಳಲ್ಲಿ ಹುಟ್ಟಿ, ಬೆಳೆದು, ಮುದಿಯಾಗುವುದರಿಂದ ಮುಪ್ಪಿನ ಸಂಶೋಧನೆಗೆ ಪ್ರಯೋಗಾಲಯಗಳು ಅದನ್ನೇ ಸಾಕುತ್ತವೆ.

ವಿಜಯಪುರಕ್ಕೆ ಇದು ಹೇಗೆ ಹೊಂದುತ್ತದೆ ನೋಡಿ. ಹಿಂಗಾರಿ ಜೋಳದ ಬಿತ್ತನೆಯ ಹೊತ್ತಿಗೆ, ಸೆಪ್ಟೆಂಬರ್ ಕೊನೆಯಲ್ಲಿ, ಮೊಟ್ಟೆಯಿರುವ, ಹೊಂಡದ ಮಣ್ಣಿನ ಬದಲು ಬಳಸುವ ನಾರುಮಣ್ಣಾದ ಪೀಟ್‌ಗೆ ನೀರು ಹಾಕಿ. ಐದಾರು ವಾರದಲ್ಲಿ ಮರಿಗಳು ಬಣ್ಣ ಕಟ್ಟಿ ತಾವೇ ಮೊಟ್ಟೆ ಇಡತೊಡಗುತ್ತವೆ. ಜೋಳದ ಕೊಯ್ಲಿನವರೆಗೆ ಆ ಮೊಟ್ಟೆಗಳನ್ನು ಪೀಟ್‌ನಲ್ಲಿ ಕೂಡಿಸಿ. ಬಿರುಬೇಸಿಗೆಯಲ್ಲಿ ನೀವು ಕಾಪಾಡಬೇಕಾದದ್ದು ಟ್ಯಾಂಕನ್ನಲ್ಲ, ಕಪಾಟಿನ ಕೆಳಗಿನ ಖಾನೆಯಲ್ಲಿಟ್ಟ ಆ ಪೀಟ್‌ನ ಪ್ಲಾಸ್ಟಿಕ್ ಚೀಲವನ್ನು. ಪೀಟ್ ಒಣಗಿ ಪುಡಿಯಾಗಬಾರದು, ಹಿಂಡಿದರೆ ನೀರೂ ಬರಬಾರದು. ನಿಪ್ಪಾಣಿಯ ಬೀಡಿ ತಂಬಾಕಿನ ಹದ ಎಂದರೆ ನಮ್ಮ ಕಡೆಯವರಿಗೆ ಬೇಗ ತಿಳಿಯುತ್ತದೆ. ಪೀಟ್ ಸಿಗದಿದ್ದರೆ ತೆಂಗಿನ ನಾರಿನ ಕೊಕೊಪೀಟ್ ಆಗುತ್ತದೆ, ಚೆನ್ನಾಗಿ ಕುದಿಸಿ ಹಲವು ಸಲ ತೊಳೆದ ಮೇಲೆ. ಚೀಲದ ಮೇಲೆ ತಾರೀಖು ಬರೆಯುವುದನ್ನು ಮಾತ್ರ ಮರೆಯಬೇಡಿ.

ಇದರಲ್ಲೂ ಆಯ್ಕೆಯಿದೆ. ಜಾಂಜಿಬಾರ್ ದ್ವೀಪದ ನೋಥೋಬ್ರಾಂಕಿಯಸ್ ಗುಂಥೆರಿ ಗಟ್ಟಿ ಮೀನು, ಹೊಸಬರಿಗೆ ಅದೇ ಸರಿ. ಅದರ ಮೊಟ್ಟೆಗೆ ಸುಮಾರು ಮೂರು ತಿಂಗಳು ಸಾಕು. ಹಾಗಾಗಿ ಫೆಬ್ರವರಿಯ ಮೊಟ್ಟೆ ಮೇ ಹೊತ್ತಿಗೇ ಸಿದ್ಧವಾಗಿ ಕುಳಿತಿರುತ್ತದೆ. ಭೂತಗನ್ನಡಿಯಲ್ಲಿ ನೋಡಿ. ಮೊಟ್ಟೆಯೊಳಗೆ ಸುರುಳಿ ಸುತ್ತಿದ ಮರಿ, ಕಪ್ಪು ಕಣ್ಣು, ಕಣ್ಣಿನ ಸುತ್ತ ಹೊನ್ನಿನ ಉಂಗುರ ಕಂಡರೆ ಅದು ತಯಾರು. ಕೆಲವು ವಾರ ಕಾಯಿಸಬಹುದು, ಮೃಗಶಿರ ಮಳೆ ಬಿದ್ದು ಮನೆ ತಂಪಾದ ಕೂಡಲೇ ನೀರು ಹಾಕಿ. ಮೊಜಾಂಬಿಕ್‌ನ ನೋಥೋಬ್ರಾಂಕಿಯಸ್ ರಾಕೋವಿ ಕಿತ್ತಳೆ ನೀಲಿಯ ಜಾಲರಿ ಹೊದ್ದ, ನೋಡಿದವರು ಮರೆಯದ ಮೀನು. ಅದರ ಮೊಟ್ಟೆಗೆ ಆರು ತಿಂಗಳ ಸುಮಾರು ಬೇಕಾದ್ದರಿಂದ ನಮ್ಮ ಪಂಚಾಂಗಕ್ಕೆ ಅದು ಇನ್ನೂ ಚೆನ್ನಾಗಿ ಕೂಡುತ್ತದೆ. ಆದರೆ ಮರಿ ಸಣ್ಣದು, ಸಾಕುವುದು ನಾಜೂಕಿನ ಕೆಲಸ. ಗುಂಥೆರಿಯಲ್ಲಿ ಕೈ ಪಳಗಿದ ಮೇಲೆ ತನ್ನಿ. ಎರಡಕ್ಕೂ ತುಸು ಗಡಸು ನೀರೇ ಹಿತ. ವೆಲ್ವೆಟ್ ಎಂಬ ಚರ್ಮರೋಗಕ್ಕೆ ಬೇಗ ತುತ್ತಾಗುವುದರಿಂದ ಹತ್ತು ಲೀಟರಿಗೆ ಒಂದು ಚಹದ ಚಮಚ ಅಯೋಡಿನ್ ಇಲ್ಲದ ಕಲ್ಲುಪ್ಪು ಹಾಕಿಡಿ. ಡಿಸೆಂಬರ್ ಚಳಿಯಲ್ಲಿ ಮರಿಗಳಿಗೆ ಚಿಕ್ಕ ಹೀಟರ್ ಬೇಕಾಗಬಹುದು.

ವರ್ಷದೊಳಗೆ ಸಾಯುವ ಮೀನನ್ನು ಯಾರು ಸಾಕುತ್ತಾರೆ ಎಂದು ಮೂಗು ಮುರಿಯುವವರು ಇದ್ದಾರೆ. ಮಕ್ಕಳಿರುವ ಮನೆಯಲ್ಲಿ ಈ ಪ್ರಶ್ನೆ ನಿಜಕ್ಕೂ ಬರುತ್ತದೆ, ಯೋಚಿಸಿಯೇ ತನ್ನಿ. ಅವರಿಗೆ ಗಾರ್ಡ್ನೆರಿ ಮೇಲು.

ನಮ್ಮದೇ ಕಿಲ್ಲಿಯನ್ನು ಮರೆಯಬೇಡಿ

ಅಪ್ಲೋಕೈಲಸ್ ಲಿನಿಯೇಟಸ್ ಪಶ್ಚಿಮ ಘಟ್ಟದ ತೊರೆ, ಗದ್ದೆ, ಕೆರೆಗಳ ಮೀನು. ಹತ್ತು ಸೆಂಟಿಮೀಟರಿನವರೆಗೆ ಬೆಳೆಯುತ್ತದೆ, ಮೈಮೇಲೆ ಹೊನ್ನ ಚುಕ್ಕೆಗಳ ಸಾಲು, ನೆತ್ತಿಯಲ್ಲಿ ಒಂದು ಮಿರುಗುವ ಮಚ್ಚೆ. ಅಂಗಡಿಗಳಲ್ಲಿ ಗೋಲ್ಡನ್ ವಂಡರ್ ಎಂದು ಮಾರುವ ಹಳದಿ ಮೀನು ಇದರದೇ ಸಾಕುತಳಿ. ಬಿಸಿ, ಗಡಸು ನೀರು, ವಿದ್ಯುತ್ ಹೋದ ರಾತ್ರಿ, ಯಾವುದಕ್ಕೂ ಸುಲಭದಲ್ಲಿ ಬಗ್ಗುವುದಿಲ್ಲ. ಬೆಲೆಯೂ ಕಡಿಮೆ. ಬಾಯಿಗೆ ಹಿಡಿಸುವ ಮೀನನ್ನೆಲ್ಲ ನುಂಗುವುದೊಂದೇ ದೋಷ. ಗಪ್ಪಿಗಳ ಜೊತೆ ಬಿಟ್ಟರೆ ಗಪ್ಪಿ ಮರಿ ಉಳಿಯುವುದಿಲ್ಲ. ಅರವತ್ತು ಲೀಟರಿನ ಟ್ಯಾಂಕ್ ಕೊಡಿ. ಭೀಮಗಡ ವನ್ಯಧಾಮದ ತೊರೆಗಳಿಂದ ಹಿಡಿದು ತರುವ ಯೋಚನೆ ಬೇಡ, ಅದು ಕಾನೂನಿಗೆ ವಿರುದ್ಧ. ಆಫ್ರಿಕಾದ ಮೀನು ಹೆಚ್ಚಾಯಿತೆಂದು ಕೆರೆಗೋ ಬಾವಿಗೋ ಬಿಡುವುದೂ ಬೇಡ.

ತಂಪು, ಆಹಾರ, ಮೊಟ್ಟೆ

ವಿಜಯಪುರ, ಬಾಗಲಕೋಟೆಯ ಬೇಸಿಗೆಗೆ ಒಂದು ಅನುಕೂಲವಿದೆ, ಗಾಳಿ ಒಣ. ನೀರಿನ ಮೇಲ್ಮೈಗೆ ಅಡ್ಡವಾಗಿ ಚಿಕ್ಕ ಕಂಪ್ಯೂಟರ್ ಫ್ಯಾನ್ ಬೀಸುವಂತೆ ಕಟ್ಟಿದರೆ ಆವಿಯಾಗುವ ನೀರು ಎರಡರಿಂದ ನಾಲ್ಕು ಡಿಗ್ರಿ ಇಳಿಸುತ್ತದೆ. ಕರಾವಳಿಯ ಜಿಗುಟು ಸೆಕೆಯಲ್ಲಿ ಇದು ಇಷ್ಟು ನಡೆಯದು. ಆವಿಯಾದಷ್ಟನ್ನು ಆರ್‌ಒ ನೀರಿನಿಂದಲೇ ತುಂಬಿ. ಕೊಳವೆಬಾವಿಯದನ್ನು ಸುರಿಯುತ್ತ ಹೋದರೆ ಉಪ್ಪು ದಿನೇ ದಿನೇ ಗಟ್ಟಿಯಾಗುತ್ತದೆ. ಟ್ಯಾಂಕಿನ ಮೂರು ಬದಿಗೆ ಹಸಿ ಗೋಣಿತಟ್ಟು ಸುತ್ತುವುದೂ ಕೆಲಸ ಮಾಡುತ್ತದೆ, ನೋಡಲು ಚೆಂದವಿಲ್ಲ ಅಷ್ಟೆ. ನೀರಿಗೆ ಐಸ್ ಹಾಕುವುದು ಬೇಡ, ಏರಿಳಿತ ಬಿಸಿಗಿಂತ ಕೆಟ್ಟದ್ದು.

ಕಿಲ್ಲಿಗಳು ಕಾಳಿನ ಆಹಾರ ಕಂಡು ಮೂತಿ ತಿರುಗಿಸುವುದೇ ಹೆಚ್ಚು. ಜೀವಂತ ಆಹಾರಗಳಲ್ಲಿ ಸುಲಭವಾದದ್ದು ಆರ್ಟೀಮಿಯಾ. ಅದರ ಒಣ ಮೊಟ್ಟೆಯನ್ನು ಉಪ್ಪುನೀರಿಗೆ ಹಾಕಿ ಗಾಳಿ ಬಿಟ್ಟರೆ 24ರಿಂದ 36 ತಾಸಿನಲ್ಲಿ ಮರಿ ಬರುತ್ತದೆ. ನಮ್ಮ ಬೇಸಿಗೆ ಇದೊಂದಕ್ಕೆ ವರ. ಸೊಳ್ಳೆಯ ಲಾರ್ವಾ ಮೀನಿಗೆ ಬಲು ಪ್ರೀತಿ, ಆದರೆ ಮನೆಯಲ್ಲಿ ಬಕೆಟ್ ಇಟ್ಟು ಬೆಳೆಸುವ ಸಾಹಸ ಬೇಡ. ಡೆಂಗಿ ಕಾಲದಲ್ಲಿ ನೀರಿನ ಪೀಪಾಯಿ ಇಣುಕಿ ನೋಡಲು ಬರುವ ಆಶಾ ಕಾರ್ಯಕರ್ತೆ ಬೈದರೆ ನ್ಯಾಯ ಅವರ ಕಡೆಗೇ ಇರುತ್ತದೆ.

ಕಾಡುತೊರೆಯ ಮೀನಿನ ಮೊಟ್ಟೆ ತೆಗೆಯುವುದು ಈ ಹವ್ಯಾಸದ ನಿಜವಾದ ಸುಖ. ಸ್ವೆಟರ್ ಹೆಣೆಯುವ ಅಕ್ರಿಲಿಕ್ ನೂಲಿನ ಕಡುಹಸಿರು ಲಡಿಯನ್ನು, ಬಣ್ಣ ಬಿಡದಂತೆ ಕುದಿಸಿ, ಬೆಂಡಿಗೆ ಕಟ್ಟಿ ತೇಲಿಬಿಡಿ. ಗಂಡು ರೆಕ್ಕೆಗಳನ್ನೆಲ್ಲ ಹರಡಿ, ಮೈಯನ್ನು ಬಾಗಿಸಿ, ಹೆಣ್ಣನ್ನು ನೂಲಿಗೆ ಒತ್ತಿ ಹಿಡಿದು ಒಂದು ಕ್ಷಣ ನಡುಗುತ್ತದೆ. ಅಷ್ಟರಲ್ಲಿ ಒಂದು ಮೊಟ್ಟೆ ನೂಲಿಗೆ ಅಂಟಿರುತ್ತದೆ. ಮರುದಿನ ಲಡಿಯನ್ನು ಹಿಂಡಿ ಎಳೆ ಎಳೆಯಾಗಿ ಬಿಡಿಸಿದರೆ ಸಾಸಿವೆಗಿಂತ ಚಿಕ್ಕ, ಪಾರದರ್ಶಕ ಮೊಟ್ಟೆ ಬೆರಳಿಗೆ ತಾಕುತ್ತದೆ. ಬೆರಳಿನಿಂದಲೇ ಎತ್ತಬಹುದು, ಒಡೆಯುವುದಿಲ್ಲ. ಒಡೆದರೆ ಅದು ಮೊದಲೇ ಸತ್ತದ್ದು. ಚಪ್ಪಟೆ ಡಬ್ಬಿಯಲ್ಲಿ ಸ್ವಲ್ಪ ನೀರು ಹಾಕಿ ಕತ್ತಲಲ್ಲಿಟ್ಟರೆ ಗಾರ್ಡ್ನೆರಿ, ಆಸ್ಟ್ರಾಲೆ ಎರಡೂ ಎರಡು ಮೂರು ವಾರದಲ್ಲಿ ಒಡೆಯುತ್ತವೆ. ಬಿಳಿಯಾದವನ್ನು ದಿನವೂ ಆರಿಸಿ ತೆಗೆಯಿರಿ, ಇಲ್ಲವಾದರೆ ಬೂಸು ಉಳಿದವಕ್ಕೂ ಹಬ್ಬುತ್ತದೆ.

ಕೊಳ್ಳುವಾಗ

ಊರಿನ ಅಂಗಡಿಯಲ್ಲಿ ಗೋಲ್ಡನ್ ವಂಡರ್ ಬಿಟ್ಟರೆ ಬೇರೆ ಕಿಲ್ಲಿ ಸಿಗುವುದು ಅಪರೂಪ. ಬೆಂಗಳೂರು, ಮುಂಬಯಿ, ಚೆನ್ನೈ, ಕೋಲ್ಕತ್ತದ ಹವ್ಯಾಸಿಗಳಿಂದ ತರಿಸಬೇಕು. ಮಾರುವವರನ್ನು ಮೊದಲು ಕೇಳಬೇಕಾದದ್ದು ಮೀನಿನ ಊರಿನ ಹೆಸರು. ಗಾರ್ಡ್ನೆರಿ ಎಂದಷ್ಟೇ ಹೇಳಿದರೆ ಸಾಲದು. ನೈಜೀರಿಯದ ಅಕುರೆಯದೋ, ಎನ್‌ಸುಕ್ಕಾದ್ದೋ, ಕ್ಯಾಮರೂನಿನ ಮಿಸಾಜೆಯದೋ ಹೇಳಬೇಕು. ಬೇರೆ ಬೇರೆ ಊರಿನವನ್ನು ಬೆರೆಸಬಾರದೆಂಬುದು ಕಿಲ್ಲಿ ಸಾಕುವವರ ಕಟ್ಟುನಿಟ್ಟು. ಹೆಣ್ಣುಗಳೆಲ್ಲ ಒಂದೇ ರೀತಿಯ ಮಾಸಲು ಕಂದು ಬಣ್ಣದವು, ಒಮ್ಮೆ ಬೆರೆತರೆ ಬೇರ್ಪಡಿಸಲು ಯಾರಿಂದಲೂ ಆಗದು. ಹೆಸರು ಹೇಳಲು ತಡವರಿಸುವವರಿಂದ ಕೊಳ್ಳಬೇಡಿ, ಬೆಲೆ ಎಷ್ಟೇ ಕಡಿಮೆಯಿರಲಿ.

ದೀಪಾವಳಿಯಿಂದ ಶಿವರಾತ್ರಿಯೊಳಗೆ ತರಿಸಿ. ಜೀವಂತ ಮೀನಾದರೆ ರಾತ್ರಿ ಬಸ್ಸಿನ ಪಾರ್ಸೆಲ್ ಮೇಲು, ಬೆಳಿಗ್ಗೆ ನೀವೇ ಹೋಗಿ ಇಳಿಸಿಕೊಳ್ಳಬಹುದು. ಮೊಟ್ಟೆಯಾದರೆ ಕೊರಿಯರ್ ಸಾಕು, ಖರ್ಚೂ ಕಡಿಮೆ. ಮತ್ತೆ, ಮೀನು ಮನೆಗೆ ಬರುವ ಮೊದಲೇ ಟ್ಯಾಂಕಿಗೆ ಬಿಗಿ ಮುಚ್ಚಳ ಹೊಂದಿಸಿರಿ. ಕಿಲ್ಲಿಗಳೆಲ್ಲ ನೆಗೆಯುವ ಜಾತಿ. ಏರ್ ಪಂಪಿನ ಕೊಳವೆ ಒಳಗೆ ಹೋಗಲು ಬಿಟ್ಟ ಸಂದಿಯಿಂದಲೇ ಗಾರ್ಡ್ನೆರಿ ಹಾರಿ ಬರಬಲ್ಲದು, ಅಲ್ಲಿಗೆ ಸ್ಪಾಂಜಿನ ಚೂರು ತುರುಕಿ.